ಮಿರಜಿಗೆ ನಾಲ್ಕು ಟಿಕೀಟು

ಟಿಕೀಟು ಮುಂಚಿತ ತೆಗೆದಿಟ್ಟುಕೊಂಡರೆ ಪ್ರಯಾಣ ಅರ್ಧ ಮುಗಿದ ಹಾಗೆ ಎಂದು ನಾನು ವರ್ಷಗಟ್ಟಲೆ ಮಂದಿಗೆ ಹೇಳಿದೆ. ಹೇಳಿದ ಮರುದಿನವೇ ಏನಾದರೊಂದು ಭಾನಗಡಿ ಆಗುತ್ತಿತ್ತು. ಆದರೂ ಮತ್ತೊಬ್ಬ ಗಿರಾಕಿ ಎದುರಿಗೆ ಬಂದು ನಿಂತ ಕೂಡಲೇ ಬಾಯಿ ತಾನಾಗಿಯೇ ಅದೇ ಮಾತು ಆಡುತ್ತಿತ್ತು. ಆ ಭಾನಗಡಿಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ. ನಗಬೇಕೆನಿಸಿದರೆ ನಗಿರಿ, ನಾನೂ ಮಂದಿಯ ಮುಂದೆ ಹೇಳುವಾಗ ನಗುತ್ತೇನೆ.

ಹಾನಗಲ್ಲ, ಸವಣೂರು, ಹಿರೇಕೆರೂರು, ಶಿಗ್ಗಾವಿ, ಈ ನಾಲ್ಕೂ ಊರಿಗೆ ರೈಲಿಲ್ಲ. ಸ್ಟೇಶನ್ನು ಮುಟ್ಟಬೇಕಾದರೆ ಮೋಟಾರು ಹತ್ತಬೇಕು. ನಮ್ಮ ಮೋಟಾರಿನ ಧಣಿಗಳು ಒಂದು ಉಪಾಯ ಮಾಡಿದರು. ಸ್ಟೇಶನ್ನಿನಿಂದ ರೈಲಿನ ರಟ್ಟಿನ ಟಿಕೀಟುಗಳನ್ನು ಮೊದಲೇ ತಾರೀಖು ಒತ್ತಿಸಿ ತರಿಸುವುದು, ಮೋಟಾರ ಸ್ಟ್ಯಾಂಡಿನಲ್ಲಿ ಒಂದು ಟೇಬಲ್ಲು ಹಾಕಿ ಮಾರುವುದು. ಆ ಟೇಬಲ್ಲಿನ ಹಿಂದೆ ಕುಂತವನು ನಾನು. ಎರಡು ಮೂರು ವರ್ಷಕ್ಕೊಮ್ಮೆ ಧಣಿಗಳು ನನ್ನನ್ನು ಈ ಊರಿನಿಂದ ಆ ಊರಿಗೆ ಎತ್ತಿ ಇಡುತ್ತಿದ್ದರು. ಅವ್ವನೂ ಒಲೆ, ಒರಳು ಕಟ್ಟಿಕೊಂಡು ನನ್ನ ಹಿಂದೆ ಬರುತ್ತಿದ್ದಳು.

ಅವ್ವನಿಗೆ ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ. ಕೊಟ್ಟದ್ದು ದೂರದ ಮಿರಜಿಗೆ. ನಾನು ಕೆಲಸಕ್ಕೆ ಸೇರಿದ ವರ್ಷ ದೊಡ್ಡವ್ವನ ಗಂಡ ತೀರಿಕೊಂಡರು. ಸುದ್ದಿಯ ಕಾರ್ಡು ನಮ್ಮ ಕೈಗೆ ಬರುವಷ್ಟರಲ್ಲಿ ಸೂತಕದ ದಿನಗಳು ಮುಗಿದಿದ್ದವು. ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮಲ್ಲಿ ತಪ್ಪಿಸುವ ಮಾತಲ್ಲ. ಹೋಗಬೇಕು, ಕೊರಳಿಗೆ ಬಿದ್ದು ಅಳಬೇಕು, ಆಮೇಲೆಯೇ ನೀರು ಕುಡಿಯಬೇಕು. ಅವ್ವನದು ಅದೊಂದು ಉಳಿದುಹೋಯಿತು. “ಅಕ್ಕನ ಕೊರಳಿಗೆ ಬಿದ್ದು ಒಮ್ಮಿ ಅತ್ತು ಬಂದ್ರ ನನ್ನ ಜೀವಾ ಹಗರ ಆಕ್ಕೈತಿ ತಮ್ಮಾ,” ಅನ್ನುತ್ತಿದ್ದಳು. ಟಿಕೀಟು ಮಾರುವ ಮಗನಿಗೆ ಅದೇನು ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೆ.

೧. ಅವ್ವ ಇಲ್ಲದೆ ಹೊರಟ ಪ್ರಸ್ಥಾನ

ಆಗ ನಾನು ಹಾನಗಲ್ಲದಲ್ಲಿದ್ದೆ. ಅವ್ವನಿಗೆಂದು ಬುಧವಾರದ ಟಿಕೀಟನ್ನು ಐದು ದಿನ ಮುಂಚಿತ ತಂದುಕೊಟ್ಟೆ. ಬುಧವಾರ ಅವ್ವ ಬರುತ್ತಾಳೆ, ಸ್ಟೇಶನ್ನಿಗೆ ಬರ್ರಿ ಎಂದು ದೊಡ್ಡವ್ವನಿಗೆ ಕಾರ್ಡನ್ನೂ ಹಾಕಿದೆ. ಅವ್ವ ಟಿಕೀಟನ್ನು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಕೇಳಿದಳು.

“ಮಿರಜ ಯಾವ ದಿಕ್ಕಿಗೈತೋ?”

“ಉತ್ತರಕ್ಕ.”

“ಅಯ್ಯ, ಬುಧವಾರ ಉತ್ತರಕ್ಕ ಶೂಲಿ ಐತೆಲ್ಲೋ! ಗುರುವಾರಕ್ಕ ಮಾಡಿಸಿ ತಾ.”

“ತಾರೀಖು ಒತ್ತ್ಯಾಗೇತಿ ಅವ್ವಾ. ಒತ್ತಿದ ತಾರೀಖು ಬದಲಿ ಆಗೂದಿಲ್ಲ,” ಎಂದೆ. ಹೊಸ ಕೆಲಸ. ಕಾಯದೆ ಎಂದರೆ ನನಗೆ ಆಗ ದೇವರಿಗಿಂತ ಒಂದು ಮಣೆ ಮೇಲೆ.

ಶೂಲಿ ಇದ್ದ ದಿಕ್ಕಿಗೆ ಹೊರಟರೆ ಕೇಡು ಎಂದು ನಂಬಿಕೆ. ಆ ದಿನವೂ ಹೋಗಲೇಬೇಕಾದರೆ ಹಿರಿಯರು ಒಂದು ಹಾದಿ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ನಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊರಟಿತೆಂದರೆ ನಾವೂ ಹೊರಟ ಹಾಗೆ. ನಿಜವಾಗಿ ಹೊರಡುವ ದಿನ ಹಾದಿಯಲ್ಲಿ ಅದನ್ನು ಎತ್ತಿಕೊಂಡು ಹೋಗುವುದು. ಅವ್ವ ಸೋಮವಾರ ಬೆಳಿಗ್ಗೆ ಒಂದು ಸೀರೆ, ಒಂದು ಹಿಡಿ ಅಕ್ಕಿ, ಅಡಿಕೆ ಗಂಟು ಕಟ್ಟಿ, ಮೋಟಾರ ಸ್ಟ್ಯಾಂಡಿನ ಹಾದಿಯಲ್ಲಿದ್ದ ಸಾಲಿ ಮಾಸ್ತರರ ಮನೆಯಲ್ಲಿ ಇಟ್ಟು ಬಂದಳು.

ಬುಧವಾರ ಬೆಳಿಗ್ಗೆ ಹೋದರೆ ಮಾಸ್ತರರ ಬಾಗಿಲಿಗೆ ಕೀಲಿ. ಅವರ ಮಗಳು ಆಡೂರಿನಲ್ಲಿ ಹಡೆದಿದ್ದಾಳೆಂದು ಸುದ್ದಿ ಬಂದು, ನಸುಕಿನಲ್ಲೇ ಬಂಡಿ ಕಟ್ಟಿಸಿಕೊಂಡು ಮನೆ ಮಂದಿಯೆಲ್ಲ ಹೋಗಿದ್ದರು.

“ಹೋಗ್ಲಿ ಬಿಡವ್ವಾ, ಸೀರಿ ಒಂದು ಹೋತು. ಮೋಟಾರ ಹತ್ತು,” ಎಂದೆ.

ಅವ್ವ ಸೆರಗು ಬಾಯಿಗೆ ಹಿಡಿದು ನಿಂತಳು. “ಟಿಕೀಟೂ ಅದರಾಗ ಐತೋ.”

“ಅದರಾಗ ಯಾಕ ಇಟ್ಟಿ?”

“ಟಿಕೀಟು ಹೊಂಟ್ರನ ಅಲ್ಲೇನೋ ನಾ ಹೊಂಟಂಗ ಆಗೂದು?”

ಮತ್ತೊಂದು ಟಿಕೀಟು ನನ್ನ ಪೆಟ್ಟಿಗೆಯಲ್ಲೇ ಇತ್ತು. ಒಬ್ಬರಿಗೆ ಒಂದೇ ದಿನಕ್ಕೆ ಎರಡು ಟಿಕೀಟು ಕೊಡಬಾರದು ಎಂದು ಧಣಿಗಳು ಹೇಳಿದ್ದರು. ಕಾಳಸಂತೆಯವರಿಗೆ ಹೇಳಿದ ಮಾತು ಅದು. ನಾನು ಅವ್ವನಿಗೂ ಹಚ್ಚಿದೆ. ಮೋಟಾರು ಹೋಯಿತು. ಅತ್ತ ಮಿರಜಿನಲ್ಲಿ ದೊಡ್ಡವ್ವ ಬುತ್ತಿ ಕಟ್ಟಿಕೊಂಡು ಸ್ಟೇಶನ್ನಿಗೆ ಬಂದು, ಇಳಿದವರ ಮುಖವನ್ನೆಲ್ಲ ನೋಡಿ, ಮನೆಗೆ ತಿರುಗಿ ಹೋದಳಂತೆ.

ಸಂಜೆ ಮಾಸ್ತರರು ಆಡೂರಿನಿಂದ ಬಂದವರೇ ಗಂಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಕಳೆ ಇತ್ತು. “ಪರಸ್ಥಾನದ ಗಂಟು ಖಾಲಿ ಮನ್ಯಾಗ ಬಿಡಬಾರದು ಅಂತ ಸಂಗಾಟ ಒಯ್ದಿದ್ದೆ ನೋಡ್ರೆವ್ವಾ. ಶೂಲಿ ಇಲ್ಲ, ಏನಿಲ್ಲ, ನಿಮ್ಮ ಪ್ರವಾಸ ಆಡೂರ ತನಕಾ ಭಾಳ ಸುಖರೂಪ ಆತು!”

೨. ಹರಕ ಎಲೆ

ಮುಂದೆ ಸವಣೂರಿಗೆ ಬಂದೆವು. ಅಲ್ಲಿಯ ವೀಳ್ಯದೆಲೆ ವ್ಯಾಪಾರದ ಒಬ್ಬ ಸಾಹೇಬರ ಮನೆಯವರು ಮಗನ ನಿಕಾಹ್‌ಗೆಂದು ಬೆಳಗಾವಿ ಕಡೆ ಹೊರಟಿದ್ದರು. ಮೂವತ್ತು ಮಂದಿಯ ಟಿಕೀಟು ಹದಿನೈದು ದಿನ ಮೊದಲೇ ತೆಗೆದರು. ಇಷ್ಟು ದೊಡ್ಡ ಮುಂಗಡ ಗಿರಾಕಿ ನನಗೆ ಅದೇ ಮೊದಲು. ಜೊತೆಗೆ ಹೆಂಗಸರೂ ಇರುತ್ತಾರಲ್ಲ, ಅವ್ವನನ್ನು ಅವರ ಸಂಗಾಟ ಕಳಿಸಿದರೆ ಚಿಂತೆಯಿಲ್ಲ ಎಂದು ಅದೇ ದಿನದ ಟಿಕೀಟು ತೆಗೆದೆ. ದೊಡ್ಡವ್ವನಿಗೆ ಎರಡನೆಯ ಕಾರ್ಡು ಹೋಯಿತು. ಈ ಸಲ ಟಿಕೀಟನ್ನು ಅವ್ವನ ಕುಬಸದ ಗಂಟಿನಲ್ಲಿ ನಾನೇ ಕಟ್ಟಿಸಿದೆ.

ದಿಬ್ಬಣದವರ ಟಿಕೀಟೆಲ್ಲ ಮದುಮಗನ ಚಾಚಾ ಅವರ ಶೇರವಾನಿಯ ಕಿಸೆಯಲ್ಲಿದ್ದವು. ಮನೆಗೆ ಹಿರಿಯರು, ಅವರ ಕೈಯಲ್ಲೇ ಇರಲಿ ಎಂದು ಎಲ್ಲರೂ ಕೂಡಿ ಒಪ್ಪಿಸಿದ್ದು. ಹೊರಡುವ ಹೊತ್ತಿಗೆ ನೋಡಿದರೆ ಇಪ್ಪತ್ತೊಂಬತ್ತು ಮಂದಿ ಇದ್ದಾರೆ, ಚಾಚಾ ಇಲ್ಲ.

ಮದುವೆಯ ಮನೆಯಲ್ಲಿ ಒಬ್ಬ ಹಿರಿಯರಾದರೂ ಮುನಿಸಿಕೊಳ್ಳಬೇಕು. ಅದು ಸವಣೂರಿಗಷ್ಟೇ ಅಲ್ಲ, ನಮ್ಮ ಎಲ್ಲ ಜಾತಿಗೂ ಇದ್ದ ಸಂಪ್ರದಾಯ. ಹೊರಡುವ ಮೊದಲು ಹಂಚಿದ ಬೀಡಾದಲ್ಲಿ ಚಾಚಾ ಅವರಿಗೆ ಹರಕ ಎಲೆ ಬಂದಿತ್ತಂತೆ. “ನಾಡಿಗೆಲ್ಲಾ ಎಲಿ ಕಳಸೋ ಮನಿತಾನ ನಂದು. ನನಗ ಹರಕ ಎಲಿ?” ಎಂದವರು ಮನೆಗೆ ಹೋಗಿ ಕವದಿ ಹೊದ್ದು ಮಲಗಿದ್ದರು.

ಮೊದಲು ಅಣ್ಣನ ಮಕ್ಕಳು ಹೋದರು, ಬಂದರು. ಹಿರಿಯ ಹೆಂಗಸರು ಹೋದರು, ಬಂದರು. ಕೊನೆಗೆ ಮುಖಕ್ಕೆ ಹೂವಿನ ಸೇಹರಾ ಕಟ್ಟಿಕೊಂಡ ಮದುಮಗನೇ ಹೋದ.

ಮೋಟಾರಿನ ಡ್ರೈವರ ನನ್ನ ಹತ್ತಿರ ಬಂದ. “ಇವರನ್ನ ಕುಂದ್ರಿಸಿಕೊಂಡು ಹೊಂಡ್ಲ್ಯಾ? ಆ ಹಿರ್ಯಾರು ಹಿಂದಿನಿಂದ ಟಾಂಗಾದಾಗ ಬರ್ತಾರ.”

“ಟಿಕೀಟು ತೋರಿಸಲಾರದ ಯಾರನ್ನೂ ಹತ್ತಿಸೂದಿಲ್ಲ,” ಎಂದೆ.

ಅವ್ವ ಕಿಡಕಿಯಿಂದ ಕರೆದಳು. “ತಮ್ಮಾ, ನಂದರ ಐತೆಲ್ಲೋ. ನನ್ನೊಬ್ಬಾಕೀನ್ನ ಒಯ್ಯಂತ ಹೇಳು.”

“ಒಬ್ಬರ ಸಲುವಾಗಿ ಮೋಟಾರ ಬಿಡಾಕ ಆಕ್ಕೈತೇನವ್ವಾ?” ಎಂದೆ. ಬಿಡಲು ಬರುತ್ತಿತ್ತು. ಡ್ರೈವರ ನನ್ನ ಮಾತು ಕೇಳುವವನೇ ಇದ್ದ.

ಒಂದು ತಾಸಿನ ಮೇಲೆ ಚಾಚಾ ಬಂದರು. ಕಿವಿಗೆ ಅತ್ತರು, ಬಾಯಲ್ಲಿ ಹೊಸ ಬೀಡಾ. ಮೆಲ್ಲಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಾನು ಓಡಿ ಹೋಗಿ, “ಸಾಹೇಬ್ರ, ಲಗೂನ ನಡೀರಿ, ರೈಲು ಹೋಗತೈತಿ,” ಎಂದೆ. ಅವರು ನಿಂತರು. ಕಿಸೆಯಿಂದ ಟಿಕೀಟಿನ ಕಟ್ಟು ತೆಗೆದು ನನ್ನ ಮುಖದೆದುರು ಹಿಡಿದರು.

“ಮೂವತ್ತೂ ಟಿಕೀಟು ನನ್ನ ಕೈಯಾಗ ಅದಾವ. ರೈಲಿನಾಂವ ಹದಿನೈದು ದಿನದ ಹಿಂದನ ರೊಕ್ಕಾ ಇಸಗೊಂಡಾನ. ಇನ್ನ ನನ್ನ ಬಿಟ್ಟು ಹೆಂಗ ಹೊಕ್ಕಾನ, ನಾನೂ ನೋಡ್ತೇನಿ!”

ಸ್ಟೇಶನ್ನಿಗೆ ಮುಟ್ಟಿದಾಗ ಅವರು ನೋಡಿದ್ದು ರೈಲಿನ ಹಿಂಬದಿಯನ್ನು. ದಿಬ್ಬಣದವರು ಮರುದಿನದ ಗಾಡಿಯ ತನಕ ಅಲ್ಲೇ ಅಡಿಗೆ ಹೂಡಿದರು. ಅವ್ವ ಅದೇ ಮೋಟಾರಿನಲ್ಲಿ ಮನೆಗೆ ಬಂದಳು. ನಾನು ಮುಖ ತಿರುಗಿಸಿಕೊಂಡು ಲೆಕ್ಕದ ಪುಸ್ತಕ ನೋಡುವವನ ಹಾಗೆ ಕುಂತೆ.

“ಆ ಹಿರ್ಯಾರಿಗೆ ಹರಕ ಎಲಿ ಕೊಟ್ಟಾವ್ರು ಯಾರು ಅಂತ ಕೇಳಿದ್ಯಾ ಅವ್ವಾ?” ಎಂದು ರಾತ್ರಿ ಊಟಕ್ಕೆ ಕುಂತಾಗ ನಗಿಸಲು ನೋಡಿದೆ.

“ಕೇಳೇನಿ,” ಎಂದಳು. “ಆ ಎಲಿ ಅವರ ತ್ವಾಟದ್ದ ಅಂತ.”

೩. ಪೂಜೆಗೆ ಕುಂತ ಪೆಟ್ಟಿಗೆ

ಹಿರೇಕೆರೂರಿನಲ್ಲಿ ಮತ್ತೊಂದು ರೂಢಿ ಇತ್ತು. ಟಿಕೀಟು ತೆಗೆದವರು ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ. “ಮನ್ಯಾಗ ಕೂಸು ಹರೀತಾವ, ಆಡು ತಿಂತಾವ. ನಿಮ್ಮ ಪೆಟಗ್ಯಾಗನ ಇರ್ಲಿ,” ಎಂದು ನನ್ನ ಹತ್ತಿರವೇ ಬಿಟ್ಟು ಹೋಗುತ್ತಿದ್ದರು. ಎರಡು ಸಲ ಕೈ ಸುಟ್ಟುಕೊಂಡ ಅವ್ವನೂ ಈ ಸಲ ಹಾಗೆಯೇ ಮಾಡಿದಳು. ದಸರೆಗೆ ಅಕ್ಕನ ಮನೆಯಲ್ಲಿ ಇರಬೇಕು, ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು ಎಂದು ಅವಳ ಆಸೆ. ನಾನು ಕ್ಯಾಲೆಂಡರಿನ ತಾರೀಖು ನೋಡಿ ಟಿಕೀಟು ತೆಗೆದೆ. ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದ ಹಬ್ಬ ನೋಡಲಿಲ್ಲ. ಆ ದಿನ ಖಂಡೆ ಪೂಜೆ.

ಖಂಡೆ ಪೂಜೆಯೆಂದರೆ ಹೊಟ್ಟೆಗೆ ಹಾಕುವ ಆಯುಧವೆಲ್ಲ ದೇವರ ಮುಂದೆ ಕುಂದರಬೇಕು. ಒಕ್ಕಲಿಗನ ನೇಗಿಲಿನ ಕುಡ, ಬಡಿಗ್ಯಾನ ಉಳಿ, ನನ್ನ ಪೆಟ್ಟಿಗೆ. ಕುಂತದ್ದನ್ನು ಮರುದಿನದ ತನಕ ಎಬ್ಬಿಸಬಾರದು. ಧಣಿಗಳೇ ಬೆಳಿಗ್ಗೆ ಬಂದು ಮೋಟಾರಿಗೆ ಮಾಲೆ ಹಾಕಿ, ಟಿಕೀಟಿನ ಪೆಟ್ಟಿಗೆಯನ್ನು ಚೌರಂಗದ ಮೇಲಿಟ್ಟು ವಿಭೂತಿ ಬಳಿದು, ಮೇಲೆ ಕುಂಬಳಕಾಯಿ ಒಂದನ್ನು ಕುಂದರಿಸಿದರು. ಆಗ ಚಿಕ್ಕೇರೂರಿನ ಒಬ್ಬ ರೈತ ಗಂಟುಮೂಟೆ ಸಹಿತ ಬಂದು ನಿಂತ. ಅವನ ಹಿಂದೆ ಅವ್ವ.

“ನನ್ನ ಟಿಕೀಟು ಕೊಡ್ರಿ,” ಎಂದ ರೈತ.

ನಾನು ಚೌರಂಗ ತೋರಿಸಿದೆ. ಅವನು ಎರಡೂ ಕೈ ಜೋಡಿಸಿದ. ಜೋಡಿಸಿದ ಮೇಲೆ ಅವನಿಗೆ ಅರ್ಥವಾಯಿತು. “ನನ್ನ ಟಿಕೀಟು ಅದರಾಗೇತೇನ್ರಿ?”

“ಹೌದ್ರಿ.”

“ಎಬ್ಬಸಾಕ ಬರೂದಿಲ್ಲೇನ್ರಿ?”

“ನೀವು ನಿಮ್ಮ ಕುಡ ಎಬ್ಬಸ್ತೀರೇನ್ರಿ ಇವತ್ತ?” ಎಂದರು ಧಣಿಗಳು.

ಅವನು ಗಂಟುಮೂಟೆಯನ್ನು ತಿರುಗಿ ಹೆಗಲಿಗೆ ಏರಿಸಿದ. ಅವ್ವ ನನ್ನ ಮುಖ ನೋಡಿದಳು. ನಾನು ಮಂಗಳಾರತಿಯ ತಾಟು ಹಿಡಿದುಕೊಂಡು ಅವಳೆದುರಿಗೆ ನಿಂತೆ. ಅವಳು ಆರತಿ ತೆಗೆದುಕೊಂಡು, ಕುಂಬಳಕಾಯಿಯನ್ನೊಮ್ಮೆ ನೋಡಿ, ಗಂಟು ಎತ್ತಿಕೊಂಡು ಮನೆಗೆ ಹೋದಳು. ಮಿರಜಿನಲ್ಲಿ ದೊಡ್ಡವ್ವ ಮೂರನೆಯ ಸಲ ಸ್ಟೇಶನ್ನಿಗೆ ಬಂದು ಹೋದಳು. ಈ ಸಲ ಬುತ್ತಿ ಕಟ್ಟಿರಲಿಲ್ಲವಂತೆ.

ಮರುದಿನ ದಶಮಿ. ಪೆಟ್ಟಿಗೆ ಎದ್ದಿತು, ಟಿಕೀಟು ಹೊರಗೆ ಬಂದವು. ತಾರೀಖು ನಿನ್ನೆಯದು. ಸಂಜೆ ಊರ ಮಂದಿಯೆಲ್ಲ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಹಂಚುವಾಗ ಚಿಕ್ಕೇರೂರಿನ ರೈತನೂ ಬಂದ. ನಾನು ಹಳೆಯದಾದ ಟಿಕೀಟನ್ನು ಅವನ ಕೈಗೆ ಕೊಟ್ಟೆ. ಅವನು ನನ್ನ ಕೈಗೆ ಬನ್ನಿ ಕೊಟ್ಟ.

“ಇಬ್ಬರೂ ಎಲಿ ಕೊಟ್ಟೇವ್ರಿ,” ಎಂದ. “ನಂದಕ್ಕರ ಮಂದಿ ಬಂಗಾರ ಅಂತಾರ.”

೪. ಹಾಸಿಟ್ಟ ವಸ್ತ್ರ

ಶಿಗ್ಗಾವಿಗೆ ಬಂದಾಗ ಯುದ್ಧ ಶುರುವಾಗಿತ್ತು. ಗಾಡಿಗಳು ಕಡಿಮೆಯಾದವು, ಮಂದಿ ಹೆಚ್ಚಾದರು. ಟಿಕೀಟು ಸಿಕ್ಕರೆ ಜಾಗ ಸಿಗುವುದಿಲ್ಲ, ಜಾಗ ಸಿಕ್ಕರೆ ಗಾಡಿ ಹೊರಡುವುದಿಲ್ಲ.

ದುಂಡಸಿಯ ಒಬ್ಬ ಗೌಡರು ಎಂಟು ದಿನ ಮುಂಚಿತ ಪುಣೆಯ ಟಿಕೀಟು ತೆಗೆದರು. ತೆಗೆದವರು ಹೆಗಲ ಮೇಲಿನ ವಸ್ತ್ರ ಮಡಚಿ ನನ್ನ ಟೇಬಲ್ಲಿನ ಮೇಲಿಟ್ಟರು.

“ಇದನ್ನ ಗಾಡ್ಯಾಗ ಕಿಡಕಿ ಕಡೆ ಹಾಸಿ ಇಡ್ರಿ. ನಾ ಮುಂದಿನ ಸೋಮವಾರ ಬಂದು ಕುಂದ್ರತೇನಿ.”

ಮೋಟಾರಿನಲ್ಲಿ, ಬಯಲಾಟದಲ್ಲಿ, ಊಟದ ಪಂಕ್ತಿಯಲ್ಲಿ ವಸ್ತ್ರ ಹಾಸಿ ಜಾಗ ಹಿಡಿದೇ ರೂಢಿ ಅವರಿಗೆ. ಅದು ಆಗುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ಬಂಡಿ ಹತ್ತಿಯಾಗಿತ್ತು. ವಸ್ತ್ರ ನನ್ನ ಹತ್ತಿರವೇ ಉಳಿಯಿತು. ಸೋಮವಾರ ಅವರು ಯಾವಾಗ ಹಾದುಹೋದರೋ ನಾನು ನೋಡಲಿಲ್ಲ.

ಹದಿನೈದು ದಿನಕ್ಕೆ ತಿರುಗಿ ಬಂದು ನೆಟ್ಟಗೆ ನನ್ನ ಟೇಬಲ್ಲಿಗೆ ಬಂದರು. ಬೈಯುತ್ತಾರೆಂದು ನಾನು ಎದ್ದು ನಿಂತೆ.

“ಭಾಳ ಛೊಲೋ ಜಾಗಾ ಹಿಡಿದಿದ್ರಿ,” ಎಂದರು. “ಯಾವನೋ ಒಬ್ಬಾಂವ ಅದು ತನ್ನ ವಸ್ತ್ರ ಅಂತ ಜಗಳಾ ತಗದ. ಎಂಟು ದಿನದ ಹಿಂದ ಹಾಸೇನಿ ಮಗನ, ಅಂತ ಎಬ್ಬಿಸಿ ಕಳಿಸ್ದೆ. ಆದ್ರ ಒಂದು ತಪ್ಪು ಮಾಡೀರಿ.” ಬಗಲಲ್ಲಿದ್ದ ಝರಿ ಅಂಚಿನ ಹೊಸ ವಸ್ತ್ರ ತೆಗೆದು ಟೇಬಲ್ಲಿನ ಮೇಲಿಟ್ಟರು. “ಇದು ನಂದಲ್ಲ. ನಂದು ಕೊಡ್ರಿ.”

೫. ಅವ್ವ ಅಲ್ಲಿ, ದೊಡ್ಡವ್ವ ಇಲ್ಲಿ

ಇಷ್ಟರಲ್ಲಿ ದೊಡ್ಡವ್ವನ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವ್ವನ ಕಣ್ಣು ಮಂಜಾಗುತ್ತ ಬಂದಿದ್ದವು. ಈ ಸಲ ಬಿಡಬಾರದು ಎಂದು ನಾನು ನಾಲ್ಕನೆಯ ಟಿಕೀಟು ತೆಗೆದೆ, ನಾಲ್ಕನೆಯ ಕಾರ್ಡು ಹಾಕಿದೆ. ಹುಬ್ಬಳ್ಳಿಗೆ ನಾನೇ ಹೋಗಿ, ಗಾಡಿಯಲ್ಲಿ ಹೆಂಗಸರ ನಡುವೆ ಅವ್ವನನ್ನು ತುರುಕಿ ಬಂದೆ. ಗಾಡಿ ಹೊರಟಿತು. ಅವ್ವ ಕಿಡಕಿಯಲ್ಲಿ ನಗುತ್ತಿದ್ದಳು. ಅಷ್ಟು ಖುಷಿಯಲ್ಲಿ ಅವಳನ್ನು ಎಂದೂ ನೋಡಿರಲಿಲ್ಲ.

ಅದೇ ಸಂಜೆ ಶಿಗ್ಗಾವಿಯ ಮೋಟಾರ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ಹುಬ್ಬಳ್ಳಿಯ ಮೋಟಾರಿನಿಂದ ಇಳಿದಳು. ನನ್ನ ಟೇಬಲ್ಲಿನ ಎದುರಿಗೆ ಬಂದು ಗಂಟು ಕೆಳಗಿಟ್ಟಳು.

“ಗುರ್ತ ಹತ್ತಲಿಲ್ಲೇನೋ?”

“ದೊಡ್ಡವ್ವಾ! ನೀ ಇಲ್ಲಿ ಯಾಕ ಬಂದಿ? ಅವ್ವ ನಿನ್ನ ಹಂತ್ಯಾಕ ಹೋದ್ಲು! ನನ್ನ ಕಾರ್ಡು ಮುಟ್ಟಲಿಲ್ಲೇನು?”

“ಮುಟ್ಟೇತಿ. ಮೂರು ಕಾರ್ಡು ಮುಟ್ಟಿದ್ವು, ಮೂರು ಸಲ ಟೇಶನ್ನಿಗೆ ಹೋಗಿ ಬಂದೆ. ನಾಕನೇದು ಬಂತು. ಬರ್ತಾಳ ಅಂತ ಬರದಾನಂದ ಮ್ಯಾಲ ಬರೂದಿಲ್ಲ ಅಂತ ಖಾತ್ರಿ ಆತು. ಅದಕ್ಕ ನಾನ ಬಂದೆ.”

ಆ ಹೊತ್ತಿನಲ್ಲಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರುದಿನ ಮಿರಜಿಗೆ ತಾರು ಹಾಕಿದೆ: ‘ಅವ್ವ ಅಲ್ಲೇ ಇರಲಿ. ದೊಡ್ಡವ್ವನನ್ನು ಕರೆದುಕೊಂಡು ಬರುತ್ತೇನೆ.’ ಎರಡು ದಿನದ ಮುಂದಿನ ಟಿಕೀಟು ಮುಂಚಿತವಾಗಿ ತೆಗೆದೆ. ಯುದ್ಧದ ಗದ್ದಲದಲ್ಲಿ ತಾರು ಎಲ್ಲಿ ಮಲಗಿತ್ತೋ ದೇವರೇ ಬಲ್ಲ. ಅವ್ವ ಮಿರಜಿನಿಂದ ಹೊರಟ ಮೇಲೆ ಅದು ಅಲ್ಲಿ ಮುಟ್ಟಿತು. ನಾವು ಮನೆಗೆ ಕೀಲಿ ಹಾಕಿದ ಮೇಲೆ ಮಿರಜಿನಲ್ಲಿದ್ದ ದೊಡ್ಡವ್ವನ ಮಗನ ತಾರು ನಮ್ಮ ಮನೆಗೆ ಬಂತು. ಅದರಲ್ಲಿ ಇದ್ದದ್ದು ಹೀಗೆ: ‘ಅವ್ವ ಅಲ್ಲೇ ಇರಲಿ. ಚಿಕ್ಕವ್ವನನ್ನು ಕರೆದುಕೊಂಡು ಬರುತ್ತೇನೆ.’

೬. ಕಿಡಕಿಯಿಂದ ಕಿಡಕಿಗೆ

ಲೋಂಡಾ ದಾಟಿದ ಮೇಲೆ ಅಡವಿಯೊಳಗೆ ಒಂದು ಸಣ್ಣ ಸ್ಟೇಶನ್ನು. ಮಟಮಟ ಮಧ್ಯಾಹ್ನ ನಮ್ಮ ಗಾಡಿ ಅಲ್ಲಿ ಬಂದು ನಿಂತಿತು. ಎದುರಿನಿಂದ ಬಂದ ಗಾಡಿಯೂ ನಿಂತಿತು. ನಡುವೆ ಒಂದು ಖಾಲಿ ಹಳಿ. ಮಿಲಿಟರಿ ಗಾಡಿ ಬರುವುದಿದೆ, ಅದು ಹಾದು ಹೋಗುವ ತನಕ ಇಬ್ಬರೂ ನಿಲ್ಲಬೇಕು ಎಂದರು. ದೊಡ್ಡವ್ವ ಕಿಡಕಿಯ ಹತ್ತಿರ ಕುಂತಿದ್ದಳು. ಎದುರಿನ ಗಾಡಿಯನ್ನು ನೋಡುತ್ತ ನೋಡುತ್ತ ನನ್ನ ತೊಡೆ ಚಿವುಟಿದಳು.

“ತಮ್ಮಾ, ಅಲ್ಲಿ ಮೋತಿ ಹೊರಗ ಹಾಕಿ ಕುಂತಾಕಿ ನಿಮ್ಮವ್ವ ಅಲ್ಲೇನೋ?”

ನಾನು ನೋಡಿದೆ. ಅವ್ವನೇ. ಅವಳ ಹಿಂದೆ ದೊಡ್ಡವ್ವನ ಮಗ.

“ತಂಗೀ!” ಎಂದು ದೊಡ್ಡವ್ವ ಕೂಗಿದ ಕೂಗಿಗೆ ಎರಡೂ ಗಾಡಿಯ ಮಂದಿ ಕಿಡಕಿಗೆ ಬಂದರು.

“ಅಕ್ಕಾ! ನೀ ಎಲ್ಲಿಗೆ ಹೊಂಟೀಯವಾ?”

“ನಿನ್ನ ಸಲುವಾಗಿ ನನ್ನ ಮನಿಗೆ ಹೊಂಟೇನಿ. ನೀ ಎಲ್ಲಿಗೆ?”

“ನಿನ್ನ ಸಲುವಾಗಿ ನನ್ನ ಮನಿಗೆ!”

“ಅಲ್ಲೇ ಇರಾಕ ಏನಾಗಿತ್ತು ನಿನಗ?”

“ನನ್ನ ಮನ್ಯಾಗ ಕುಂದ್ರಾಕ ನಿನಗೇನಾಗಿತ್ತು?”

ಜಗಳ ಹತ್ತಿತು. ಆ ಗಾಡಿಯ ಮಂದಿ ಅವ್ವನ ಕಡೆ, ಈ ಗಾಡಿಯ ಮಂದಿ ದೊಡ್ಡವ್ವನ ಕಡೆ. ನ್ಯಾಯ ಬಗೆಹರಿಯಲಿಲ್ಲ. ಆಮೇಲೆ ಒಮ್ಮೆಲೇ ಅವ್ವ ಸೆರಗು ಮುಖಕ್ಕೆ ಹಚ್ಚಿ ಅಳಲು ಹತ್ತಿದಳು. ಇತ್ತ ದೊಡ್ಡವ್ವನೂ ಅಳಲು ಹತ್ತಿದಳು. ಕೊರಳಿಗೆ ಬಿದ್ದು ಅಳಬೇಕಾದದ್ದನ್ನು ಹಳಿಯ ಆಚೆ ಒಬ್ಬರು, ಈಚೆ ಒಬ್ಬರು ಕುಂತು ಅತ್ತರು.

ನನ್ನ ಪಕ್ಕದಲ್ಲಿದ್ದ ಒಬ್ಬರು ಟೊಪ್ಪಿಗೆ ತೆಗೆದು ಮೆಲ್ಲಗೆ ಕೇಳಿದರು. “ಯಾರ್ರೀ ತೀರಿಕೊಂಡಾವ್ರು?”

“ನಮ್ಮ ದೊಡ್ಡವ್ವನ ಯಜಮಾನ್ರು.”

“ಅಯ್ಯೋ ಪಾಪ. ಯಾವಾಗ್ರಿ?”

“ಹನ್ನೊಂದು ವರ್ಷ ಆತ್ರಿ.”

ಅವರು ಟೊಪ್ಪಿಗೆ ತಿರುಗಿ ಹಾಕಿಕೊಂಡರು.

ದೊಡ್ಡವ್ವ ಎದ್ದು ನಿಂತಳು. “ನನ್ನ ಕೆಳಗ ಇಳಸೋ ತಮ್ಮಾ. ನಾ ತಂಗೀ ಗಾಡಿಗೆ ಹೊಕ್ಕೇನಿ.” ಬಾಗಿಲ ತನಕ ಮಂದಿಯೂ ಮೂಟೆಯೂ ಕಿಕ್ಕಿರಿದಿದ್ದವು. ಮುದುಕಿಯನ್ನು ಕಿಡಕಿಯಿಂದಲೇ ಎತ್ತಿ ಇಳಿಸಬೇಕು. ಕೆಳಗೆ ಹಳಿಯ ಮೇಲೆ ಬೀಡಿ ಸೇದುತ್ತ ಕುಂತವರು ಹತ್ತು ಮಂದಿ ಇದ್ದರು, ಹಿಡಿದುಕೊಳ್ಳುತ್ತಿದ್ದರು. ನಾನು ಅವಳ ಸೆರಗು ಹಿಡಿದು ಕುಂದರಿಸಿದೆ.

“ಟಿಕೀಟು ಮಿರಜಿನ ತನಕಾ ತಗದೇನಿ ದೊಡ್ಡವ್ವಾ, ಈ ಗಾಡೀದು. ಆ ಗಾಡ್ಯಾಗ ನಡ್ಯಾಂಗಿಲ್ಲ. ಹಿಡದು ಇಳಸ್ತಾರ.”

ಅತ್ತಿಂದ ಅವ್ವ ಕೇಳಿದಳು. “ತಮ್ಮಾ, ನಾನರ ಇಳೀಲ್ಯಾ? ಒಮ್ಮಿ ಬಂದು ಅಕ್ಕನ ಮುಟ್ಟಿ ಹೊಕ್ಕೇನಿ.”

“ಬ್ಯಾಡವ್ವಾ! ಈಗ ಬಿಡತೈತಿ ಗಾಡಿ! ಟಿಕೀಟು ಹಾಳಾಕ್ಕೈತಿ!” ಎಂದು ಕೂಗಿದೆ. ಅವ್ವ ಕುಂತಳು. ಟಿಕೀಟಿನ ವಿಷಯದಲ್ಲಿ ನಾನು ಹೇಳಿದ್ದೇ ಅವಳಿಗೆ ಕಾಯದೆ.

ಬೀಡಿ ಸೇದುತ್ತಿದ್ದವರಲ್ಲಿ ಒಬ್ಬ ಒಳ್ಳೆಯ ಮನುಷ್ಯ ದೊಡ್ಡವ್ವನ ರೊಟ್ಟಿ ಒಯ್ದು ಅವ್ವನಿಗೆ ಕೊಟ್ಟ, ಅವ್ವನ ಕರದಂಟು ತಂದು ದೊಡ್ಡವ್ವನಿಗೆ ಕೊಟ್ಟ. ಮತ್ತೆ ಶೇಂಗಾ ಚಟ್ನಿ ಒಯ್ದ. ನಾಲ್ಕನೆಯ ಸಲಕ್ಕೆ ಬೆವರು ಒರೆಸಿಕೊಂಡು ನನಗೆ ಹೇಳಿದ. “ಅಲ್ರೀ, ನಾ ಇಷ್ಟು ಅಡ್ಡಾಡೂದಕಿಂತ ಒಬ್ಬರನ್ನರ ಇಳಸ್ರೆಲ್ಲಾ!”

“ಅವರ ಟಿಕೀಟು ಆ ಗಾಡೀದ್ರಿ, ಇವರದು ಈ ಗಾಡೀದು.”

“ನಂದೂ ಈ ಗಾಡೀದ ಐತಿ,” ಎಂದ. “ನಾ ಹಳಿ ಮ್ಯಾಲ ನಿಂತಿಲ್ಲೇನು?”

ನಾನು ಈಗ ಬಿಡುತ್ತದೆ, ಈಗ ಬಿಡುತ್ತದೆ ಎನ್ನುತ್ತಲೇ ಇದ್ದೆ. ಗಾಡಿ ಒಂದೂವರೆ ತಾಸು ನಿಂತಿತ್ತು. ಆ ಹೊತ್ತಿನಲ್ಲಿ ಹತ್ತು ಸಲ ಇಳಿದು, ಹತ್ತು ಸಲ ತಬ್ಬಿಕೊಂಡು ಬಂದು ಕುಂದರಬಹುದಿತ್ತು. ಕಡೆಗೆ ಮಿಲಿಟರಿ ಗಾಡಿ ನಡುವಿನ ಹಳಿಯ ಮೇಲೆ ಬಂತು. ತಾಡಪತ್ರಿ ಹೊದಿಸಿದ ತೋಪುಗಳು, ಸಿಪಾಯಿಗಳು, ಮುಗಿಯದಷ್ಟು ಡಬ್ಬಿಗಳು. ಅದರ ಸಂದಿನಲ್ಲಿ ಅವ್ವನ ಕೈ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಅದು ಹಾದು ಹೋದ ಕೂಡಲೇ ಎರಡೂ ಗಾಡಿ ಒಮ್ಮೆಲೇ ಹೊರಟವು.

ಆಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ಮಳೆಗಾಲದಲ್ಲೇ ದೊಡ್ಡವ್ವ ತೀರಿಹೋದಳು. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡೂ ಕಡೆ ಕೈ ಚಾಚಿಕೊಂಡಿದ್ದ ಮುದುಕಿಯರನ್ನು ಒಂದು ರಟ್ಟಿನ ಚೂರಿನ ಸಲುವಾಗಿ ಹಿಡಿದು ಕುಂದರಿಸಿದೆನಲ್ಲ ಎಂದು ಇಂದಿಗೂ ಊಟಕ್ಕೆ ಕುಂತಾಗ ನೆನಪಾಗುತ್ತದೆ.

ಮಿರಜಿನಲ್ಲಿ ಇಳಿದಾಗ ಆದದ್ದನ್ನಂತೂ ನಾನು ಯಾರಿಗೂ ಹೇಳಿರಲಿಲ್ಲ. ಗೇಟಿನಲ್ಲಿ ಸಂತೆಯಷ್ಟು ಮಂದಿ. ನಾನು ದೊಡ್ಡವ್ವನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಎರಡೂ ಟಿಕೀಟು ಮೇಲೆ ಎತ್ತಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಬಂದೆ. ಟಿಕೀಟು ಇಸಿದುಕೊಳ್ಳುವವ ಸ್ಟೂಲಿನ ಮೇಲೆ ಕುಂತು ಚಹಾ ಕುಡಿಯುತ್ತಿದ್ದ. ಯಾರದನ್ನೂ ಕೇಳುತ್ತಿರಲಿಲ್ಲ. ನಾನು ಅವನ ಮೂಗಿನ ಕೆಳಗೆ ಟಿಕೀಟು ಹಿಡಿದೆ. “ಚಲಾ, ಚಲಾ,” ಎಂದು ಕೈ ಬೀಸಿದ. ಹಿಂದಿನ ಮಂದಿ ದಬ್ಬಿದರು, ನಾವು ಹೊರಗೆ ಬಂದೆವು. ಟಿಕೀಟು ನನ್ನ ಕೈಯಲ್ಲೇ ಇದ್ದವು.

ದೊಡ್ಡವ್ವ ನಿಂತಳು. ನನ್ನ ಕೈಯನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು. ಸಿಟ್ಟು ಏನೂ ಇರಲಿಲ್ಲ.

“ಯಾರೂ ಇಸಗೊಳ್ಳಲಿಲ್ಲಲ್ಲೋ,” ಎಂದಳು. “ಒಯ್ದು ನಿಮ್ಮವ್ವನ ಕೈಯಾಗ ಕೊಡು. ಅಕ್ಕನ ಬದಲಿ ಇದನ್ನ ಮುಟ್ಲಿ.”